ಕಳ್ಳ ಹುಡುಗನಿಗೂ ಒಬ್ಬ ವಕೀಲ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ 'ಅಪರಾಧಿಯ ಪರವಾಗಿ ವಾದಿಸುವುದು ಧರ್ಮಸಮ್ಮತವೇ?' ಎಂಬ ವಿಷಯವನ್ನು ಇಟ್ಟಿದ್ದರು. ನಾನು 'ಅಲ್ಲ' ಎಂಬ ಪಕ್ಷದಲ್ಲಿ ನಿಂತು ಮಾತನಾಡಿ ಎರಡನೆಯ ಬಹುಮಾನ ಪಡೆದೆ. ವಕೀಲರೆಂದರೆ ದುಡ್ಡಿಗಾಗಿ ಕಪ್ಪನ್ನು ಬಿಳುಪೆನ್ನುವವರು ಎಂದು ನಾನು ಕೈಯೆತ್ತಿ ಕೂಗಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯನ್ನು ಈಗ ಹಿಂದಿರುಗಿಸುವ ಉಪಾಯವಿಲ್ಲ. ಬಹುಮಾನವಾಗಿ ಬಂದ ಸ್ಟೀಲಿನ ಡಬ್ಬಿಯಲ್ಲಿ ನಮ್ಮವ್ವ ಆಗಲೇ ಸಕ್ಕರೆ ತುಂಬಿಟ್ಟಿದ್ದಾಳೆ. ಆದರೆ ಅಂದು ನಾನಾಡಿದ್ದು ತಿಳಿಯದೆ ಆಡಿದ ಮಾತೆಂದು ಒಪ್ಪಿಕೊಳ್ಳುವುದಕ್ಕೆ ಈ ವಾರ್ಷಿಕ ಸಂಚಿಕೆಗಿಂತ ಉಚಿತವಾದ ಸ್ಥಳ ನನಗೆ ಕಾಣದು. ಅಂದು ಕೇಳಿದವರೇ ಇಂದು ಓದುಗರೂ ಆಗಿದ್ದಾರಷ್ಟೆ.

ಚರ್ಚೆಯಾದ ಕೆಲವು ತಿಂಗಳಿಗೆ ನಮ್ಮ ಓಣಿಯ ಒಬ್ಬ ಹುಡುಗನನ್ನು ಪೊಲೀಸರು ಹಿಡಿದೊಯ್ದರು. ಹುಡುಗನ ಹೆಸರನ್ನೂ ಊರನ್ನೂ ನಾನು ಬರೆಯುವುದಿಲ್ಲ. ಇದು ದಾಕ್ಷಿಣ್ಯದ ಮಾತಲ್ಲ, ಕಾನೂನಿನ ಮಾತು. ೨೦೧೫ರ ಬಾಲನ್ಯಾಯ ಕಾಯಿದೆಯ ೭೪ನೆಯ ಕಲಮಿನಂತೆ ಇಂಥ ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ ಸಂಚಿಕೆಯಲ್ಲಾಗಲಿ ಅಚ್ಚುಮಾಡಕೂಡದು. ಮಾಡಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನಮ್ಮ ಸಂಪಾದಕ ಮಂಡಳಿಯ ಬಳಿ ಅಷ್ಟು ಹಣವಿಲ್ಲವೆಂಬುದು ಎಲ್ಲರಿಗೂ ಗೊತ್ತಿದೆ. ಆದ್ದರಿಂದ ಅವನು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳೊಳಗಿನ ಒಂದು ಹಳ್ಳಿಯವನು ಎಂದಷ್ಟೇ ತಿಳಿದರೆ ಸಾಕು.

ಆರೋಪವೇನೆಂದರೆ, ಹೊಲದ ಬಾವಿಗಳ ಮೇಲಿನ ಮೋಟಾರು ಬಿಚ್ಚಿ ಒಳಗಿನ ತಾಮ್ರದ ತಂತಿ ಕದ್ದನೆಂಬುದು. ಕಬ್ಬಿನ ಸೀಮೆಯವರಿಗೆ ಈ ಕಳವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತಿ ಗುಜರಿಗೆ ತೂಕದ ಮೇಲೆ ಹೋಗುತ್ತದೆ, ಕದ್ದವನಿಗೆ ಸಿಗುವುದು ಸಾವಿರವೋ ಎರಡು ಸಾವಿರವೋ. ಕಳಕೊಂಡವನಾದರೋ ಮೋಟಾರನ್ನು ಹೊತ್ತು ಪೇಟೆಗೆ ಹೋಗಬೇಕು, ಹೊಸ ತಂತಿ ಸುತ್ತಿಸಬೇಕು, ಅಷ್ಟರೊಳಗೆ ಕರೆಂಟು ಬಂದ ರಾತ್ರಿಗಳೆಲ್ಲ ವ್ಯರ್ಥವಾಗಿ ಬೆಳೆ ಬಾಡಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿ ಬರೆಯುತ್ತಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮಾಮಾನ ಮೋಟಾರಿನ ತಂತಿಯೂ ಹೀಗೆಯೇ ಹೋಗಿತ್ತು. ಬದುವಿನ ಮೇಲೆ ತಲೆಗೆ ಕೈಹೊತ್ತು ಕುಳಿತ ಅವನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಹುಡುಗನನ್ನು ಹಿಡಿದರೆಂಬ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಯಾರೂ ಮರುಗಲಿಲ್ಲ. "ಒದ್ದು ಒಳಗ ಹಾಕಬೇಕು ಅಂಥಾವರ್ನ" ಎಂದು ಮಾಮಾ ಅಂದ. ನಾನೂ ತಲೆಯಾಡಿಸಿದೆ.

ಆದರೆ ರಾತ್ರಿ ಹುಡುಗನ ತಾಯಿ ನಮ್ಮ ಮನೆಗೆ ಬಂದಳು. ಓಣಿಯಲ್ಲಿ ಕಾಲೇಜು ಓದುವವನು ನಾನೊಬ್ಬನೇ. ನಮ್ಮ ಮನೆತನದಲ್ಲಿಯೂ ಬಿ.ಎ. ಎಂಬ ಎರಡಕ್ಷರ ಬರುತ್ತಿರುವುದು ನನ್ನಿಂದಲೇ. ಕಲಿತವನೆಂದರೆ ಎಲ್ಲವನ್ನೂ ಬಲ್ಲವನೆಂದು ಹಳ್ಳಿಯ ಜನ ನಂಬುತ್ತಾರೆ. ಬ್ಯಾಂಕಿನ ಚಲನ್ನು, ಔಷಧದ ಚೀಟಿ, ಪಿಂಚಣಿಯ ಅರ್ಜಿ ಎಲ್ಲವೂ ನನ್ನ ಬಳಿಗೇ ಬರುತ್ತವೆ. ಆ ತಾಯಿ, "ಯಪ್ಪಾ, ನೀ ಕಲತಾಂವ ಅದಿ. ಅಂವನ್ನ ಬಿಡಸಾಕ ಯಾರ ಕಡೆ ಹೋಗ್ಬೇಕು ಹೇಳು" ಎಂದು ಕೇಳಿದಳು. ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿ, ಸಂವಿಧಾನದ ಮೇಲಿನ ಪ್ರಶ್ನೆಪತ್ರಿಕೆಯಲ್ಲಿ ಪ್ರಥಮ ದರ್ಜೆಯ ಅಂಕ ಪಡೆದ ನನಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅವಳು ಅಷ್ಟರಲ್ಲಾಗಲೇ ಒಂದು ಆಡು ಮಾರಿ, 'ಎಲ್ಲ ಸರಿಮಾಡುತ್ತೇನೆ' ಎಂದ ಒಬ್ಬ ಮಧ್ಯವರ್ತಿಯ ಕೈಗೆ ಹಣ ಕೊಟ್ಟಾಗಿತ್ತು. ಜಾಮೀನಿಗೆ ಹೊಲದ ಉತಾರ ಬೇಕು, ಉತಾರ ಕೊಡುವವರಿಗೆ ಬೇರೆ ಹಣ ಕೊಡಬೇಕು ಎಂದೂ ಅವನು ಹೇಳಿಹೋಗಿದ್ದ. ಅವಳಿಗೆ ಅಂಗೈಯಗಲ ಹೊಲವೂ ಇಲ್ಲ.

ಕಾನೂನು ಏನನ್ನುತ್ತದೆಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಹದಿನೆಂಟು ತುಂಬದವನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ಹೊತ್ತನ್ನು ಬಿಟ್ಟು ಇಪ್ಪತ್ತನಾಲ್ಕು ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಮಂಡಳಿ ಕೂಡದ ದಿನವಾದರೆ ಅದರ ಒಬ್ಬ ಸದಸ್ಯರ ಮುಂದೆಯಾದರೂ ಸರಿ. ಸಾಮಾನ್ಯ ಕಳವಿಗೆ ಹೆಚ್ಚೆಂದರೆ ಮೂರು ವರ್ಷದ ಸಜೆ. ಅಷ್ಟಕ್ಕೆ ಈ ಕಾಯಿದೆಯಲ್ಲಿ 'ಸಣ್ಣ ಅಪರಾಧ' ಎಂದು ಹೆಸರು. ಇಂಥ ಸಣ್ಣ ಅಪರಾಧಕ್ಕೆ, ೨೦೧೬ರ ಮಾದರಿ ನಿಯಮಗಳ ಪ್ರಕಾರ, ಮಗುವೊಂದೇ ಆರೋಪಿಯಾಗಿರುವಾಗ ಎಫ್.ಐ.ಆರ್. ಕೂಡ ಬರೆಯುವಂತಿಲ್ಲ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಮನೆಯ ಪರಿಸ್ಥಿತಿಯ ವರದಿಯೊಡನೆ ಮಂಡಳಿಗೆ ಕಳಿಸಬೇಕು. ಜಾಮೀನಿನ ವಿಷಯದಲ್ಲಂತೂ ೧೨ನೆಯ ಕಲಮು ಸ್ಪಷ್ಟವಾಗಿದೆ. ಜಾಮೀನುದಾರರಿದ್ದರೂ ಸರಿ, ಇಲ್ಲದಿದ್ದರೂ ಸರಿ, ಮಗುವನ್ನು ಬಿಡುವುದೇ ನಿಯಮ. ಬಿಟ್ಟರೆ ಅವನು ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಸಿಕ್ಕುತ್ತಾನೆ, ಇಲ್ಲವೆ ನ್ಯಾಯದ ಉದ್ದೇಶವೇ ಕೆಡುತ್ತದೆ ಎಂದು ನಂಬಲು ಕಾರಣವಿದ್ದರೆ ಮಾತ್ರ ಇಟ್ಟುಕೊಳ್ಳಬಹುದು. ಉತಾರದ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಹೀಗೆ ಆಡು ಹೋದದ್ದು ಕಾನೂನಿನಿಂದಲ್ಲ, ಕಾನೂನನ್ನು ತಿಳಿಸಿ ಹೇಳುವವರು ಇಲ್ಲದ್ದರಿಂದ.

ಮರುದಿನ ನಾನೂ ಅವರ ಸಂಗಡ ಬೆಳಗಾವಿಗೆ ಹೋದೆ. ಅಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವತಿಯಿಂದ ಒಬ್ಬ ವಕೀಲ ಮೇಡಂ ಹುಡುಗನಿಗೆ ದೊರೆತರು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ೧೯೯೫ರಲ್ಲಿ ಜಾರಿಗೆ ಬಂದಂದಿನಿಂದ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಪುಕ್ಕಟೆ ವಕೀಲರನ್ನು ಕೊಡಬೇಕೆಂಬುದು ಹಕ್ಕಾಗಿದೆ. ಆದಾಯದ ದಾಖಲೆಯನ್ನೂ ಇವರಿಂದ ಕೇಳುವಂತಿಲ್ಲ. ಬಾಲನ್ಯಾಯ ಕಾಯಿದೆಯೂ ಮಗುವಿಗೆ ಈ ನೆರವು ಸಿಗುವಂತೆ ನೋಡುವುದು ಮಂಡಳಿಯ ಕರ್ತವ್ಯವೆಂದು ಹೇಳಿದೆ. ಆದರೂ ಪುಕ್ಕಟೆ ವಕೀಲರೆಂದೊಡನೆ ನನ್ನ ಮನಸ್ಸಿನಲ್ಲಿ ತಾತ್ಸಾರ ಮೂಡಿತೆಂಬುದನ್ನು ಮುಚ್ಚಿಡಲಾರೆ. ರೇಶನ್ ಅಂಗಡಿಯ ಅಕ್ಕಿಯ ಬಗೆಗೆ ಉಳ್ಳವರಿಗೆ ಇರುವ ತಾತ್ಸಾರವೇ ಅದು. ನಾವು ಆ ಅಕ್ಕಿಯನ್ನೇ ಉಂಡು ಬೆಳೆದವರು, ಆದರೂ!

ಮಂಡಳಿಯ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ನಾನು ಸಿನೆಮಾದ ಕೋರ್ಟನ್ನೇ ನಿರೀಕ್ಷಿಸಿ ಹೋಗಿದ್ದೆ. ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕ ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಎತ್ತರದ ಪೀಠ ಇರಬಾರದು, ಕಟಕಟೆ ಇರಬಾರದು, ಪೊಲೀಸರು ಸಮವಸ್ತ್ರದಲ್ಲಿ ಬರಬಾರದು ಎಂದು ನಿಯಮ. ಒಟ್ಟಿನಲ್ಲಿ ಮಗು ಹೆದರಬಾರದು. ಹದಿನೆಂಟರವರೆಗೆ ಮಗುವಿಗೆ ಕೆಟ್ಟ ಉದ್ದೇಶವಿರಲಿಲ್ಲವೆಂದೇ ಭಾವಿಸಿ ಹೊರಡಬೇಕೆಂಬುದು ಕಾಯಿದೆಯ ಮೊದಲ ತತ್ವಗಳಲ್ಲೊಂದು. ತಪ್ಪು ಸಿದ್ಧವಾದರೂ ಬುದ್ಧಿ ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಸಮುದಾಯ ಸೇವೆ, ಪರಿವೀಕ್ಷಣೆ, ಕೊನೆಗೆ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿ ಇಡುವವರೆಗೆ ಹಲವು ದಾರಿಗಳಿವೆ.

ಈಗ ನನ್ನ ಅಭಿಪ್ರಾಯವನ್ನೇ ಬದಲಿಸಿದ ಸಂಗತಿಗೆ ಬರುತ್ತೇನೆ. ಒಳಗೆ ಹೋಗುವ ಮೊದಲು ತಾಯಿ ವಕೀಲ ಮೇಡಮ್ಮರ ಕಾಲಿಗೆ ಎರಗಲು ಹೋಗಿ, "ಬಾಯಾರ, ಒಂದ್ ಹದಿನೈದ್ ದಿನ ಅಲ್ಲೇ ಒಳಗ ಇಡಸ್ರಿ. ಅಂವಗ ಬುದ್ಧಿ ಬರ್ಲಿ. ಮನಿಗೆ ಬಂದ್ರ ಮತ್ತ ಅವರ ಬೆನ್ನ ಹತ್ತತಾನ" ಎಂದಳು. ನಾನೂ ಅದು ಸರಿಯೆಂದೇ ಎಣಿಸಿದೆ. ಹೆತ್ತವಳಿಗಿಂತ ಹೆಚ್ಚಿನ ಹಿತೈಷಿ ಯಾರು? ಮೇಡಂ ಮಾತ್ರ ಅವಳನ್ನು ಎಬ್ಬಿಸಿ, "ಅವ್ವಾ, ನೀವು ಹೊರಗ ಕುಂದರ್ರಿ" ಎಂದರು. ನನ್ನನ್ನೂ ಹೊರಗೆ ಕಳಿಸಿದರು. ಹುಡುಗನೊಬ್ಬನೊಡನೆ ಅರ್ಧ ತಾಸು ಮಾತಾಡಿದರು. ಆಮೇಲೆ ಮಂಡಳಿಯ ಮುಂದೆ ತಾಯಿಯ ಕೋರಿಕೆಯನ್ನು ಹೇಳಲೇ ಇಲ್ಲ. ಹುಡುಗ ಮನೆಗೆ ಹೋಗಬೇಕೆನ್ನುತ್ತಾನೆ, ಅವನನ್ನು ಬಿಡಬೇಕು ಎಂದಷ್ಟೇ ವಾದಿಸಿದರು. ನನಗೆ ಸಿಟ್ಟು ಬಂದಿತು. ದುಡ್ಡಿಲ್ಲದವರ ಮಾತಿಗೆ ಪುಕ್ಕಟೆ ವಕೀಲರಲ್ಲಿಯೂ ಬೆಲೆಯಿಲ್ಲವೆಂದುಕೊಂಡೆ.

ಹಿಂದಿರುಗುವ ಮೊದಲು ಅವರನ್ನು ಕೇಳಿಯೇಬಿಟ್ಟೆ. ಅವರು ಚಹಾ ಕುಡಿಯುತ್ತ ಹೇಳಿದ್ದರ ಸಾರಾಂಶವಿಷ್ಟು: ಆ ಕೋಣೆಯಲ್ಲಿ ಕುಳಿತವರೆಲ್ಲ ಹುಡುಗನ ಹಿತವನ್ನೇ ನೋಡುವವರು. ಮ್ಯಾಜಿಸ್ಟ್ರೇಟರು, ಸದಸ್ಯರು, ಪರಿವೀಕ್ಷಣಾಧಿಕಾರಿ, ತಾಯಿ ಎಲ್ಲರಿಗೂ ಅವನು ಒಳ್ಳೆಯವನಾಗಬೇಕು. ಆದರೆ 'ನಿನಗೇನು ಬೇಕು, ನಡೆದದ್ದೇನು?' ಎಂದು ಅವನನ್ನು ಕೇಳಿ, ಅದನ್ನೇ ಹೇಳುವುದಕ್ಕೆ ಒಬ್ಬರಾದರೂ ಬೇಡವೇ? ಅದು ವಕೀಲರ ಕೆಲಸ. ಹಿತ ಯಾವುದೆಂದು ತೀರ್ಮಾನಿಸುವುದು ಮಂಡಳಿಯ ಕೆಲಸ.

ಕೇಳಿದ್ದರಿಂದ ಹೊರಬಿದ್ದ ಸಂಗತಿಯನ್ನೂ ನೋಡಿರಿ. ಠಾಣೆಯಲ್ಲಿ ಹುಡುಗ ನಾಲ್ಕು ಕಳವುಗಳನ್ನು ಒಪ್ಪಿಕೊಂಡಿದ್ದನಂತೆ. 'ಒಪ್ಪಿಕೊಂಡರೆ ಮನೆಗೆ ಬಿಡುತ್ತೇವೆ' ಎಂದು ಯಾರೋ ಹೇಳಿದ್ದರು. ನಿಜವಾಗಿ ನಡೆದದ್ದು ಒಂದು ರಾತ್ರಿಯ ಮಾತು. ಇಬ್ಬರು ದೊಡ್ಡವರು ಬಾವಿಯ ಮೇಲೆ ಕೆಲಸ ಮಾಡುವಾಗ ಇವನು ಬ್ಯಾಟರಿ ಹಿಡಿದು ನಿಂತಿದ್ದ, ಇನ್ನೂರು ರೂಪಾಯಿಯ ಆಸೆಗೆ. ಅದು ತಪ್ಪಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಬ್ಯಾಟರಿ ಹಿಡಿದದ್ದು ಬೇರೆ, ನಾಲ್ಕು ಮೋಟಾರು ಬಿಚ್ಚಿದ್ದು ಬೇರೆ. ಆ ದೊಡ್ಡವರಿಬ್ಬರ ಮನೆಯವರು ಊರ ಹಿರಿಯರನ್ನು ಹಿಡಿದು ಹೇಗೋ ಪಾರಾಗಿದ್ದರು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲವೆಂಬುದು ಹಳೆಯ ಸಾಕ್ಷ್ಯ ಕಾಯಿದೆಯಲ್ಲಿಯೂ ಇತ್ತು, ೨೦೨೪ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಇದೆ. ಅದರ ಅವಶ್ಯಕತೆ ಎಷ್ಟೆಂಬುದಕ್ಕೆ ೨೦೧೭ರ ಗುರುಗ್ರಾಮದ ಶಾಲಾಬಾಲಕನ ಕೊಲೆಯ ಪ್ರಕರಣವೇ ಸಾಕು. ಅಲ್ಲಿ ಮೊದಲು ಹಿಡಿದ ಬಸ್ ಕಂಡಕ್ಟರನು ಟಿ.ವಿ.ಯ ಮುಂದೆಯೇ ತಾನೇ ಮಾಡಿದೆನೆಂದು ಹೇಳಿದ್ದ. ಸಿ.ಬಿ.ಐ. ತನಿಖೆಯಲ್ಲಿ ಅವನು ನಿರ್ದೋಷಿಯೆಂದು ತಿಳಿದು, ೨೦೧೮ರಲ್ಲಿ ಅವನನ್ನು ಮೊಕದ್ದಮೆಯಿಂದ ಬಿಡಲಾಯಿತು. ಬೆಳೆದ ಗಂಡಸೇ ಹಾಗೆ ಒಪ್ಪಿಕೊಂಡರೆ ಹದಿಹರೆಯದ ಹುಡುಗನ ಪಾಡೇನು?

'ಮಕ್ಕಳ ಹಿತಕ್ಕಾಗಿ' ಎಂಬ ಮಾತಿನ ಇತಿಹಾಸವೂ ವಿಚಾರಮಾಡತಕ್ಕದ್ದು. ಅಮೆರಿಕೆಯ ಷಿಕಾಗೋದಲ್ಲಿ ೧೮೯೯ರಲ್ಲಿ ಮೊದಲ ಬಾಲನ್ಯಾಯಾಲಯ ಹುಟ್ಟಿತು. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ೧೯೨೪ರಲ್ಲಿಯೇ ಆ ಪ್ರಾಂತಕ್ಕೆ ಮಕ್ಕಳ ಕಾಯಿದೆ ಬಂದಿತು. ನ್ಯಾಯಾಧೀಶರು ತಂದೆಯಂತೆ ನಡೆದುಕೊಳ್ಳುವರು, ತಂದೆಯ ಮುಂದೆ ಮಗನಿಗೆ ವಕೀಲರೇಕೆ ಎಂಬುದು ಆ ಕಾಲದ ನಂಬಿಕೆ. ಈ ನಂಬಿಕೆಯ ಫಲವನ್ನು ೧೯೬೪ರಲ್ಲಿ ಆರಿಜೋನಾದ ಜೆರಾಲ್ಡ್ ಗಾಲ್ಟ್ ಎಂಬ ಹದಿನೈದರ ಹುಡುಗ ಉಂಡ. ನೆರೆಯ ಹೆಂಗಸಿಗೆ ಫೋನಿನಲ್ಲಿ ಅಸಭ್ಯ ಮಾತಾಡಿದನೆಂದು ಅವನನ್ನು ಹಿಡಿದರು. ವಕೀಲರಿಲ್ಲ. ದೂರು ಕೊಟ್ಟಾಕೆ ವಿಚಾರಣೆಗೆ ಬರಲೂ ಇಲ್ಲ. ಇಪ್ಪತ್ತೊಂದು ತುಂಬುವವರೆಗೆ ಸುಧಾರಣಾ ಶಾಲೆಯಲ್ಲಿರತಕ್ಕದ್ದೆಂದು ಆಜ್ಞೆಯಾಯಿತು. ಅದೇ ಮಾತನ್ನು ದೊಡ್ಡವನೊಬ್ಬ ಆಡಿದ್ದರೆ ಐವತ್ತು ಡಾಲರು ದಂಡ ಇಲ್ಲವೆ ಎರಡು ತಿಂಗಳ ಸಜೆ, ಅದಕ್ಕಿಂತ ಹೆಚ್ಚಿಲ್ಲ. ೧೯೬೭ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿ, ಮಕ್ಕಳಿಗೂ ವಕೀಲರನ್ನು ಪಡೆಯುವ ಹಕ್ಕಿದೆಯೆಂದು ತೀರ್ಪಿತ್ತಿತು. ತಂದೆಯಂಥ ನ್ಯಾಯಾಧೀಶರಿಗೂ ಎದುರುಮಾತು ಹೇಳುವವರೊಬ್ಬರು ಬೇಕೆಂಬುದು ಅಂದಿಗೆ ಗೊತ್ತಾಯಿತು.

ಇನ್ನು ವಯಸ್ಸಿನ ತಂಟೆ. ಪೊಲೀಸರು ಆಧಾರ್ ಕಾರ್ಡು ನೋಡಿ ಹುಡುಗನಿಗೆ ಹದಿನೆಂಟು ದಾಟಿದೆ ಎಂದಿದ್ದರು. ಶಾಲೆಯ ದಾಖಲೆಯಲ್ಲಿ ಹದಿನಾರು. ೯೪ನೆಯ ಕಲಮಿನ ಪ್ರಕಾರ ಶಾಲೆಯ ದಾಖಲೆಗೇ ಮೊದಲ ಸ್ಥಾನ, ಅದಿಲ್ಲದಿದ್ದರೆ ಪಂಚಾಯತಿ ಇಲ್ಲವೆ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಆಧಾರ್ ಕಾರ್ಡು ವಯಸ್ಸಿನ ಪುರಾವೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ ೨೦೨೪ರಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿದೆ. ಆದರೆ ಶಾಲೆಯ ದಾಖಲೆಯ ಮಹಿಮೆ ನಮಗೆಲ್ಲ ಗೊತ್ತೇ ಇದೆ. ನಮ್ಮ ತರಗತಿಯ ಹಾಜರಿ ಪುಸ್ತಕ ತೆರೆದು ನೋಡಿದರೆ ಅರ್ಧ ಜನ ಜೂನ್ ೧ರಂದೇ ಹುಟ್ಟಿದವರು! ಹೆಸರು ಹಚ್ಚುವ ದಿನ ಹೆಡ್ ಮಾಸ್ತರರು ಬರೆದದ್ದೇ ಜಾತಕ. ನಾನೂ ಜೂನ್ ೧ರವನೇ. ಅವ್ವ ಹೇಳುವಂತೆ ನಾನು ಹುಟ್ಟಿದ್ದು ಜೋಳ ತೆನೆಗಟ್ಟುವಾಗ. ಇಷ್ಟು ದಿನ ಇದು ನಮಗೊಂದು ನಗೆಯ ವಿಷಯವಾಗಿತ್ತು. ಆದರೆ ಒಬ್ಬನು ಬಾಲನ್ಯಾಯ ಮಂಡಳಿಗೆ ಹೋಗಬೇಕೋ ದೊಡ್ಡವರ ಜೈಲಿಗೆ ಹೋಗಬೇಕೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿದೆ. ಆ ಸಾಲನ್ನು ಹುಡುಕಿ ತರುವುದಕ್ಕೆ ವಕೀಲ ಮೇಡಂ ಶಾಲೆಗೆ ಮೂರು ಸಲ ಫೋನು ಮಾಡಿದರು.

ಈ ವಿಷಯ ತೆಗೆದಾಗಲೆಲ್ಲ ಹುಕ್ಕೇರಿಯ ನನ್ನ ಗೆಳೆಯನೊಬ್ಬ ೨೦೧೨ರ ದೆಹಲಿಯ ಬಸ್ಸಿನ ಘಟನೆಯನ್ನು ಎತ್ತುತ್ತಾನೆ. ಅದರಲ್ಲಿ ಒಬ್ಬನು ಹದಿನೆಂಟಾಗದವನಿದ್ದು ಮೂರು ವರ್ಷಕ್ಕೇ ಹೊರಬಂದ, ಅಂಥವನಿಗೂ ವಕೀಲರೇ ಎಂದು ಕೇಳುತ್ತಾನೆ. ಅವನ ಸಿಟ್ಟು ನನಗೂ ಇದೆ. ಆ ಸಿಟ್ಟಿನಿಂದಲೇ ೨೦೧೫ರ ಕಾಯಿದೆಯಲ್ಲಿ, ಹದಿನಾರರಿಂದ ಹದಿನೆಂಟರೊಳಗಿನವರು ಘೋರ ಅಪರಾಧ ಮಾಡಿದರೆ ಅವರನ್ನು ದೊಡ್ಡವರಂತೆ ವಿಚಾರಿಸಬಹುದೇ ಎಂದು ಮಂಡಳಿ ಮೊದಲು ಪರಿಶೀಲಿಸುವ ಏರ್ಪಾಡು ಬಂದಿತು. ನಾನು ಕೇಳುವುದು ಇಷ್ಟೆ: ಹಾಗೆ ಪರಿಶೀಲಿಸುವ ದಿನ ಹುಡುಗನ ಪಕ್ಕದಲ್ಲಿ ಬಲ್ಲ ವಕೀಲರು ಇರಬೇಕಾದ ಅಗತ್ಯ ಕಡಿಮೆಯಾಯಿತೋ ಹೆಚ್ಚಾಯಿತೋ? ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಒಪ್ಪಿಯೂ ಇಲ್ಲವೆನ್ನಿ.

ನನ್ನ ನಿಜವಾದ ದೂರು ಕಾಯಿದೆಯ ಮೇಲಲ್ಲ, ದಾರಿಯ ಮೇಲೆ. ಬೆಳಗಾವಿ ವಿಸ್ತೀರ್ಣದಲ್ಲಿ ರಾಜ್ಯಕ್ಕೇ ದೊಡ್ಡ ಜಿಲ್ಲೆ. ಗೋಕಾಕದವರು, ಇನ್ನೂ ಆಚೆಗಿನ ಮೂಡಲಗಿಯವರು, ಹಿಡಕಲ್ ಹಿನ್ನೀರಿನ ಹುಕ್ಕೇರಿಯವರು ಒಂದೊಂದು ತಾರೀಖಿಗೂ ಕೋಳಿ ಕೂಗುವಾಗ ಎದ್ದು ಬಸ್ಸು ಹಿಡಿಯಬೇಕು. ೨೦೨೩ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ತಾಯಿಗೆ ಟಿಕೆಟಿಲ್ಲ, ಮಗನಿಗೆ ಪೂರ್ತಿ ಟಿಕೆಟು. ತಾಯಿಯ ದಿನಗೂಲಿ ಹೋಗುವುದಂತೂ ಖಂಡಿತ. ಮೂರನೆಯ ತಾರೀಖಿಗೆ 'ಇಂದು ಕೆಲಸ ನಡೆಯುವುದಿಲ್ಲ' ಎಂದು ಕೇಳಿ ಹಿಂದಿರುಗಿದವರು ನಾಲ್ಕನೆಯದಕ್ಕೆ ಹೋಗುವ ಮನಸ್ಸು ಮಾಡುವರೇ? ಹೋಗದಿದ್ದರೆ ಹುಡುಗ ತಪ್ಪಿಸಿಕೊಂಡನೆಂದು ಬರೆಯುತ್ತಾರೆ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ಅದು ಅಲ್ಲಿಗೇ ಕೊನೆಗೊಳ್ಳಬೇಕೆಂದು ೧೪ನೆಯ ಕಲಮು ಹೇಳುತ್ತದೆ. ಆ ಮಾತನ್ನು ಮಂಡಳಿಗೆ ನೆನಪಿಸುವವರೂ ವಕೀಲರೇ.

ಜಿಲ್ಲೆಗೆ 'ಒಂದು ಇಲ್ಲವೆ ಹೆಚ್ಚು' ಮಂಡಳಿಗಳು ಇರಬಹುದೆಂದು ಕಾಯಿದೆಯೇ ಹೇಳುವಾಗ, ಗೋಕಾಕದಲ್ಲೊಂದು ಮಂಡಳಿಯಾದರೆ ಈ ಮೂರು ತಾಲೂಕಿನ ಮಕ್ಕಳಿಗೆ ಎಷ್ಟು ಅನುಕೂಲ! ಅದು ಕೂಡಲೇ ಆಗದೆಂದಾದರೆ ಒಬ್ಬ ಪೂರ್ಣಾವಧಿಯ ವಕೀಲರನ್ನಾದರೂ ಈ ಭಾಗದ ಮಕ್ಕಳಿಗೆಂದೇ ಗೊತ್ತುಮಾಡಬೇಕು. ದೊಡ್ಡವರ ಕ್ರಿಮಿನಲ್ ಮೊಕದ್ದಮೆಗಳಿಗೆ ೨೦೨೨ರ ಯೋಜನೆಯಂತೆ ಕಾನೂನು ನೆರವು ಅಭಿರಕ್ಷಕರೆಂಬ ಪೂರ್ಣಾವಧಿಯ ವಕೀಲರು ಜಿಲ್ಲಾ ಕೇಂದ್ರಗಳಲ್ಲಿ ಬಂದಿದ್ದಾರೆ. ಹುಡುಗನನ್ನು ಠಾಣೆಗೆ ತಂದ ತಾಸಿನಲ್ಲೇ ಅಲ್ಲಿಗೆ ಹೋಗಬಲ್ಲ ವಕೀಲರೊಬ್ಬರು ತಾಲೂಕಿನ ಊರಲ್ಲೇ ಇದ್ದರೆ ನಾಲ್ಕು ಕಳವುಗಳ ಒಪ್ಪಿಗೆಯೂ ಹುಟ್ಟುತ್ತಿರಲಿಲ್ಲ, ಆಡೂ ಉಳಿಯುತ್ತಿತ್ತು. ಅಲ್ಲಿಯವರೆಗೆ ನಾವು ವಿದ್ಯಾರ್ಥಿಗಳು ಕೈಕಟ್ಟಿ ಕೂಡಬೇಕಾಗಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯ ಅರೆಕಾನೂನು ಸ್ವಯಂಸೇವಕರಾಗಲು ವಿದ್ಯಾರ್ಥಿಗಳಿಗೂ ಅವಕಾಶವಿದೆ. ೧೫೧೦೦ ಎಂಬ ಕಾನೂನು ನೆರವಿನ ಸಂಖ್ಯೆ, ೧೦೯೮ ಎಂಬ ಮಕ್ಕಳ ಸಹಾಯವಾಣಿ ಇವೆರಡನ್ನು ನಮ್ಮ ನಮ್ಮ ಓಣಿಯ ಗೋಡೆಯ ಮೇಲೆ ಬರೆಯುವುದಕ್ಕೆ ಪದವಿಯೂ ಬೇಡ.

ನನ್ನ ಮುಂದಿನ ದಾರಿಯ ಬಗ್ಗೆ ಮನೆಯಲ್ಲಿ ದಿನವೂ ಚರ್ಚೆ ನಡೆದಿದೆ. ಅಪ್ಪನಿಗೆ ನಾನು ಬಿ.ಎಡ್. ಮಾಡಿ ಮಾಸ್ತರನಾಗಬೇಕು. ಅವ್ವನಿಗೆ ಫೌಜದಾರನಾಗಬೇಕು, ಟೋಪಿ ಹಾಕಿದ್ದು ನೋಡಬೇಕಂತೆ. ಹಿಡಕಲ್ ಜಲಾಶಯಕ್ಕೆ ಯಾವ ರಾಜಾ ಲಖಮಗೌಡರ ಹೆಸರಿದೆಯೋ ಅವರದೇ ಹೆಸರಿನ ಕಾನೂನು ಕಾಲೇಜು ಬೆಳಗಾವಿಯಲ್ಲಿದೆ. ಅದರ ಅರ್ಜಿಯನ್ನು ತರಬೇಕೆಂದು ನಾನು ಹೇಳಿದಾಗ ಮಾಮಾ ಸಿಡಿದು, "ನನ್ನ ಮೋಟಾರ್ ಕದ್ದಾವರ್ನ ಬಿಡಸಾಕ ಹೊಂಟಿಯೇನ್ಲೇ?" ಎಂದು ಕೇಳಿದ. ಅವನ ಪ್ರಶ್ನೆ ಸುಳ್ಳಲ್ಲ. ಇನ್ನು ಮೂರು ವರ್ಷದ ಓದು, ಆಮೇಲೆ ಕರಿ ಕೋಟು ಹೊಲಿಸಿ ಹಿರಿಯ ವಕೀಲರ ಕೆಳಗೆ ಸಂಬಳವಿಲ್ಲದೆ ನಿಲ್ಲುವ ದಿನಗಳು. ನಮ್ಮಂಥ ಮನೆಗೆ ಇದು ಹಗುರವಾದ ಲೆಕ್ಕವಲ್ಲ. ಮಾಮಾನಿಗೆ ನಾನು ಹೇಳಿದ್ದು ಒಂದೇ ಮಾತು. ನಿನ್ನ ಮೋಟಾರು ಕದ್ದ ದೊಡ್ಡವರು ಇನ್ನೂ ಸಿಕ್ಕಿಲ್ಲ, ಬ್ಯಾಟರಿ ಹಿಡಿದ ಹುಡುಗನ ತಲೆಗೆ ನಾಲ್ಕೂ ಕಟ್ಟಿದರೆ ಅವರು ಎಂದೆಂದಿಗೂ ಸಿಗುವುದಿಲ್ಲ. ಅವನು ಮಾತಾಡದೆ ಎದ್ದು ಹೊಲದ ಕಡೆಗೆ ಹೋದ.

ಹುಡುಗನನ್ನು ಅಂದೇ ಮನೆಗೆ ಬಿಟ್ಟರು. ತಾಯಿ ಹೆದರಿದ್ದಂತೆ ಎರಡು ವಾರ ಅವನು ಹಳೆಯ ಕಟ್ಟೆಯ ಮೇಲೆಯೇ ಕುಳಿತಿರುತ್ತಿದ್ದನೆಂಬುದನ್ನೂ ಬರೆಯಬೇಕು. ಪರಿವೀಕ್ಷಣಾಧಿಕಾರಿಗಳು ಬಂದು ಹೋದ ಮೇಲೆ, ಬಿಟ್ಟ ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟುತ್ತೇನೆಂದು ನನ್ನ ಬಳಿ ಗಣಿತ ಕೇಳಲು ಎರಡು ಸಂಜೆ ಬಂದ, ಮೂರನೆಯ ಸಂಜೆ ಬರಲಿಲ್ಲ. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ವಾರದಲ್ಲಿಯೇ ಅವನ ಮುಂದಿನ ತಾರೀಖಿದೆ. ತಾಯಿ ನನ್ನನ್ನೂ ಬರಹೇಳಿದ್ದಾಳೆ. ಅಂದೇ ನಮ್ಮ ಆಂತರಿಕ ಪರೀಕ್ಷೆಯೂ ಬಂದಿರುವುದರಿಂದ, ಇದನ್ನು ಓದುವ ರಾಜ್ಯಶಾಸ್ತ್ರದ ಗುರುಗಳು ನನ್ನ ಗೈರುಹಾಜರಿಯ ಕಾರಣವನ್ನು ಇಲ್ಲಿಯೇ ಕಂಡುಕೊಳ್ಳಬೇಕಾಗಿ ವಿನಂತಿ.